ಬಸುರಿಯರ ಹಲ್ಲುನೋವು ಕೇಳುವ ಸುರೇಬಾನದ ಬಾಯವ್ವ

ಸುರೇಬಾನದ ಬಸ್ ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಹಾದಂಗಡಿಯ ಒಲೆ ಈಗಷ್ಟೇ ಹೊತ್ತಿಕೊಂಡಿದೆ. ಕಟ್ಟೆಯ ಮೇಲೆ ಸೆರಗು ಹೊದ್ದು ಕುಳಿತ ನಾಲ್ವರು ಬಸುರಿಯರನ್ನು ಗುಲಾಬಿ ಸೀರೆಯ ಹೆಂಗಸೊಬ್ಬರು ಒಬ್ಬೊಬ್ಬರನ್ನಾಗಿ ವಿಚಾರಿಸುತ್ತಿದ್ದಾರೆ.

"ರೊಟ್ಟಿ ತಿಂದ ಬಂದೀಯೇನವ್ವಾ?"

"ಬರೇ ಚಾ ಕುಡದೇನ್ರಿ ಅಕ್ಕಾರ. ಹಲ್ಲ ನೋವಿಗೆ ಏನೂ ಕಡಿಯಾಕ ಬರಾಕತ್ತಿಲ್ಲ."

"ನೋವು ಬಲಕ್ಕ ಐತಿ, ಎಡಕ್ಕ ಕಡಿ. ಖಾಲಿ ಹೊಟ್ಟೀಲೆ ಹಲ್ಲಿನ ಡಾಕ್ಟರ ಖುರ್ಚಿ ಏರಿದ್ರ ಚಕ್ಕರ ಬರತೈತಿ." ಹೀಗೆಂದವರೇ ಚೀಲದಿಂದ ಶೇಂಗಾ ಉಂಡಿ ತೆಗೆದು, ಪುಡಿ ಮಾಡಿ, ಆಕೆಯ ಅಂಗೈಗೆ ಸುರಿಯುತ್ತಾರೆ. ಅವಳು ತಿಂದು ಮುಗಿಸುವವರೆಗೂ ಅಲ್ಲಿಂದ ಕದಲುವುದಿಲ್ಲ.

ಇವರು ಬಾಯವ್ವ. ವಯಸ್ಸು ನಲವತ್ತೆಂಟು, ಊರಿನ ಆಶಾ ಕಾರ್ಯಕರ್ತೆ. ಬಸುರಿಯರ ಹೆಸರು ಬರೆಸುವುದು, ತೂಕ ನೋಡಿಸುವುದು, ಚುಚ್ಚುಮದ್ದು ಹಾಕಿಸುವುದು ಎಲ್ಲ ಆಶಾಗಳಿಗೂ ಇರುವ ಕೆಲಸ. ಬಾಯವ್ವ ಅದರ ಜೊತೆಗೆ ತಾವೇ ಒಂದನ್ನು ಕಟ್ಟಿಕೊಂಡಿದ್ದಾರೆ. ತಮ್ಮ ಪಾಲಿನ ಮನೆಗಳಲ್ಲಿ ಯಾರೇ ಬಸುರಿಯಾಗಲಿ, ಏಳು ತಿಂಗಳು ತುಂಬುವುದರೊಳಗೆ ಒಮ್ಮೆಯಾದರೂ ರಾಮದುರ್ಗದ ಸರಕಾರಿ ಆಸ್ಪತ್ರೆಯ ಹಲ್ಲಿನ ಕೋಣೆಗೆ ಕರೆದೊಯ್ಯುತ್ತಾರೆ. ತಪಾಸಣೆಗೂ ಔಷಧಕ್ಕೂ ಅಲ್ಲಿ ದುಡ್ಡಿಲ್ಲ. ಹೆಂಗಸರಿಗೆ ಈಗ ಬಸ್ಸೂ ಪುಕ್ಕಟೆ. "ಡಾಕ್ಟರು, ಔಷಧ ಎಲ್ಲಾ ಇತ್ರಿ. ಹೋಗವರ ಇರಲಿಲ್ಲ," ಎನ್ನುತ್ತಾರೆ ಬಾಯವ್ವ.

ಹೋಗದಿದ್ದವರಲ್ಲಿ ಅವರೂ ಒಬ್ಬರು. ಇಪ್ಪತ್ತೈದು ವರ್ಷದ ಹಿಂದೆ ಮಗಳು ರಾಣಿ ಹೊಟ್ಟೆಯಲ್ಲಿದ್ದಾಗ ದವಡೆ ಹಲ್ಲೊಂದು ಹುಳುಕಾಗಿ ಬಾವು ಬಂದಿತ್ತು. ಲವಂಗ ಕಚ್ಚಿಕೊಂಡರು. ಹಲ್ಲಿಗೆ ಮಿಶ್ರಿ ತಿಕ್ಕಿದರು. ಸುಟ್ಟ ತಂಬಾಕಿನ ಆ ಕರಿಪುಡಿ ಒಂದು ಗಳಿಗೆ ನೋವು ಮರೆಸುತ್ತಿತ್ತು. ಎರಡು ತಿಂಗಳು ರೊಟ್ಟಿ ಮುರಿಯಲಾಗದೆ ಅಂಬಲಿ ಕುಡಿದೇ ದಿನ ನೂಕಿದರು. ಹುಟ್ಟಿದ ಕೂಸು ಎರಡು ಕಿಲೋ ಕೂಡ ತೂಗಲಿಲ್ಲ. "ಅರಳ್ಯಾಗ ಸುತ್ತಿ ಇಟ್ಟು ನಮ್ಮವ್ವ ಉಳಿಸಿದ್ಲು. ಹಲ್ಲಿನಿಂದನ ಹಂಗಾತು ಅಂತ ಹೇಳಾಕ ಬರೂದಿಲ್ಲ ಅಂತಾರ ಡಾಕ್ಟರು. ಇರಬಹುದು. ಆದ್ರ ಹಲ್ಲಿನ ಸಲವಾಗಿ ನಾ ಉಣ್ಣಲಿಲ್ಲ, ಅದು ನನಗ ಗೊತ್ತೈತಿ." ಆ ರಾಣಿ ಈಗ ದೊಡವಾಡದ ಸೊಸೆ, ಎರಡು ಮಕ್ಕಳ ತಾಯಿ. ಎರಡೂ ಬಸುರಿನಲ್ಲಿ ಅವ್ವ ಬಸ್ಸು ಹತ್ತಿ ಹೋಗಿ ಮಗಳ ಬಾಯಿ ನೋಡಿ ಬಂದಿದ್ದಾರೆ.

ಎಂಟು ವರ್ಷದ ಹಿಂದೆ ಒಬ್ಬ ಬಸುರಿಯನ್ನು ರಾಮದುರ್ಗದ ಆಸ್ಪತ್ರೆಗೆ ತಪಾಸಣೆಗೆ ಕರೆತಂದು ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಗ, ಎದುರಿನ ಕೋಣೆಯಿಂದ ಹಲ್ಲಿನ ವೈದ್ಯೆ ಡಾ. ಪ್ರಜ್ಞಾ ಬಂದು ಮಾತಿಗೆಳೆದರು. ಕೆಲಸಕ್ಕೆ ಸೇರಿ ಆರು ತಿಂಗಳಾದರೂ ಅವರ ಬಳಿಗೆ ಒಬ್ಬ ಬಸುರಿಯೂ ಬಂದಿರಲಿಲ್ಲವಂತೆ. "ಯಾಕ್ರಿ, ನಿಮ್ಮೂರಾಗ ಬಸರಿ ಹೆಂಗಸರಿಗೆ ಹಲ್ಲ ನೋವ ಬರೂದಿಲ್ಲೇನು?" ಎಂದು ಕೇಳಿದರು. ಬಾಯವ್ವ ಮರುದಿನದಿಂದ ಮನೆಮನೆಗೆ ಹೋಗಿ ಅದನ್ನೇ ಕೇಳತೊಡಗಿದರು. ಒಂದು ವಾರದಲ್ಲಿ ಕೇಳಿದ ಒಂಬತ್ತು ಮಂದಿಯಲ್ಲಿ ಆರು ಮಂದಿಗೆ ಒಸಡಿನಲ್ಲಿ ರಕ್ತ, ಇಲ್ಲವೇ ನೋವು.

ಇವತ್ತು ಆ ಹಲ್ಲಿನ ಕೋಣೆಯಲ್ಲಿ ಮೊದಲು ಕುರ್ಚಿ ಏರಿದವಳು ಬೆಳಿಗ್ಗೆ ಉಂಡಿ ತಿಂದವಳು. ಚೀಲದಿಂದ ಹಳೆ ಬಟ್ಟೆ ಹೊಲಿದ ಸಣ್ಣ ಕೌದಿಯೊಂದನ್ನು ತೆಗೆದು ಮಡಚಿ, ಬಾಯವ್ವ ಅವಳ ಬಲ ಸೊಂಟದ ಕೆಳಗೆ ತೂರಿಸುತ್ತಾರೆ. ಹೊಟ್ಟೆಯ ಭಾರ ಎಡಕ್ಕೆ ವಾಲಿದರೆ ತಾಯಿಗೆ ಉಸಿರು ಹಗುರ ಎಂದು ವೈದ್ಯೆ ಒಮ್ಮೆ ಹೇಳಿಕೊಟ್ಟದ್ದು. "ಈಗ ನಾ ನೆನಪು ಮಾಡೂದ ಬ್ಯಾಡ. ನಾ ಕೈ ತೊಳ್ಕೊಂಡು ಬರೂದ್ರಾಗ ಮಲಗಿಸಿರ್ತಾರ," ಎಂದು ಡಾ. ಪ್ರಜ್ಞಾ ನಗುತ್ತಾರೆ.

ಎಲ್ಲ ಮನೆಯ ಬಾಗಿಲೂ ಸಲೀಸಾಗಿ ತೆರೆಯಲಿಲ್ಲ. ಮೂರು ವರ್ಷದ ಹಿಂದೆ ಮುದಕವ್ವನವರ ಸೊಸೆ ಯಲ್ಲವ್ವನಿಗೆ ಐದು ತಿಂಗಳಾಗಿದ್ದಾಗ ಗಲ್ಲ ಊದಿ ಒಂದು ಕಣ್ಣೇ ಮುಚ್ಚಿಹೋಗಿತ್ತು. ಅಂಗಡಿಯಿಂದ ತರಿಸಿದ ನೋವಿನ ಗುಳಿಗೆ ನುಂಗುತ್ತ ಹದಿನೈದು ದಿನ ಕಳೆದಿದ್ದಳು. ಬಾಯವ್ವ ಹೋದರೆ ಮುದಕವ್ವ ಹೊಸ್ತಿಲಲ್ಲೇ ತಡೆದರು. "ಬಸರಿ ಹಲ್ಲ ಕಿತ್ತಿದ್ರ ಕೂಸಿನ ಕಣ್ಣ ಹೋಗತಾವ. ನಮ್ಮ ಮನಿ ಹಾಳ ಮಾಡಾಕ ಬಂದೀಯೇನ?"

ಎರಡು ಸಲ ಹಾಗೇ ಮರಳಿದರು. ಮೂರನೆಯ ಸಲ ಸೊಸೆಯ ಸುದ್ದಿ ಎತ್ತದೆ ಮುದಕವ್ವನ ಪಕ್ಕದಲ್ಲಿ ಕುಳಿತು, "ಚಿಗವ್ವಾ, ನಿಮಗ ಎಷ್ಟ ಹಲ್ಲ ಅದಾವ?" ಎಂದರು. ಆಕೆ ಬೆರಳಿನಿಂದ ಸವರಿ ಎಣಿಸಿದರು. ಹೋದ ಹಲ್ಲುಗಳ ಮಾತು ಬಂತು. ಮೂರು ಹಡೆದಿದ್ದರು; ಮೂರೂ ಸಲ ಹಲ್ಲುನೋವಿಗೆ ಗಲ್ಲ ಊದಿ ಗೋಡೆಗೆ ಒರಗಿ ಅತ್ತಿದ್ದರು. "ಹಲ್ಲ ಕಿತ್ತಿದ್ರ ಕೂಸಿನ ಕಣ್ಣ ಹೋಗತಾವ ಅಂತ ನಮ್ಮತ್ತಿ ಅಂದಿದ್ಲು, ನಾನೂ ಅದನ್ನ ಅಂದೆ," ಎಂದವರೇ ಎದ್ದು ಸೀರೆ ಬದಲಿಸಿದರು. "ನಾನೂ ಬರತೇನಿ. ಆದ್ರ ಕೂಸಿಗೆ ಏನರ ಆತಂದ್ರ ನಿನ್ನ ಬಾಗಲಕ್ಕ ಬಂದು ಕುಂದ್ರತೇನಿ, ನೆನಪಿಟಗೋ."

ವೈದ್ಯೆ ಕೀವು ತೆಗೆದು, ಬಸುರಿಯರಿಗೆ ನಡೆಯುವ ಔಷಧವನ್ನೇ ಚೀಟಿಯಲ್ಲಿ ಬರೆದರು. ವಾರದ ನಂತರ ಹಲ್ಲು ಕಿತ್ತರು. ಔಷಧದ ಸಾಲಿನಲ್ಲಿ ನಿಂತು ಗುಳಿಗೆ ತಂದ ಬಾಯವ್ವ, ಓದು ಬಾರದ ಯಲ್ಲವ್ವನಿಗಾಗಿ ಪೊಟ್ಟಣದ ಮೇಲೆ ಬೆಳಗಿನ ಗುಳಿಗೆಗೆ ಸೂರ್ಯನನ್ನೂ ರಾತ್ರಿಯದಕ್ಕೆ ಚಂದ್ರನನ್ನೂ ಬರೆದುಕೊಟ್ಟರು. ಅಂಗಡಿಯ ಗುಳಿಗೆಗಳನ್ನು ಕೈಯಾರೆ ತಿಪ್ಪೆಗೆಸೆದರು. ಹಲ್ಲು ಕಿತ್ತ ನಾಲ್ಕನೇ ದಿನ ಯಲ್ಲವ್ವ ಎರಡು ಬಿಸಿರೊಟ್ಟಿ ಉಂಡಳು.

ಬಾಯವ್ವನಿಗೆ ಮಾತ್ರ ಹೆರಿಗೆಯ ತನಕ ಅನ್ನ ರುಚಿಸಲಿಲ್ಲ. "ಡಾಕ್ಟರ ಮಾತಿನ ಮ್ಯಾಲೆ ನಂಬಿಕಿ ಇತ್ರಿ. ಆದ್ರ ಕೂಸಿಗೆ ಬ್ಯಾರೇನರ ಆಗಿದ್ರೂ ನನ್ನ ಹೆಸರ ಬರತಿತ್ತು. ಮುಂದ ಒಬ್ಬಾಕೀನೂ ನನ್ನ ಹಿಂದ ಬಸ್ ಹತ್ತತಿರಲಿಲ್ಲ." ತಿಂಗಳು ತುಂಬಿ ಹೆಣ್ಣುಕೂಸು ಹುಟ್ಟಿತು. ತೂಕ ಮೂರು ಕಿಲೋಗೆ ಸ್ವಲ್ಪ ಕಡಿಮೆ.

ಎರಡು ತಿಂಗಳಾದ ಮೇಲೆ ಮುದಕವ್ವ ಬಾಯವ್ವನನ್ನು ಮನೆಗೆ ಕರೆಸಿದರು. ತೊಟ್ಟಿಲ ಬಳಿ ನಿಂತು ಕುಪ್ಪಸದ ಬಟ್ಟೆಯ ಕೆಂಪು ಕಣವೊಂದನ್ನು ಕೂಸಿನ ಮುಖದ ಮೇಲೆ ಆ ಕಡೆಗೆ ಈ ಕಡೆಗೆ ಆಡಿಸಿದರು. ಕೂಸು ಕಣ್ಣು ಹೊರಳಿಸಿ ಅದನ್ನೇ ಹಿಂಬಾಲಿಸಿತು. "ನೋಡಾಕತ್ತೇತಿ ನೋಡವ್ವಾ," ಎಂದವರೇ ಅದೇ ಕಣಕ್ಕೆ ಅರಿಶಿನ ಕುಂಕುಮ ಇಟ್ಟು ಬಾಯವ್ವನ ಉಡಿಯಲ್ಲಿ ಹಾಕಿದರು. ಅದನ್ನು ಹೇಳುವಾಗ ಬಾಯವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಅವತ್ತ ಇಬ್ಬರೂ ತೊಟ್ಟಲಾ ಹಿಡಕೊಂಡು ಅತ್ತೇವ್ರಿ. ಕೂಸು ನಮ್ಮ ಮಾರಿ ನೋಡಿ ನಗತಿತ್ತು." ಈಗ ತಮ್ಮ ಓಣಿಯ ಸೊಸೆಯಂದಿರನ್ನು ಬಸ್ಸಿಗೆ ಹೊರಡಿಸುವವರು ಮುದಕವ್ವನೇ.

ಎಂಟು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರು ಬಾಯವ್ವನ ಹಿಂದೆ ಬಸ್ಸು ಹತ್ತಿದ್ದಾರೆ. ಈ ಹೊತ್ತಿಗೆ ಅವರ ಪಟ್ಟಿಯಲ್ಲಿರುವ ಬಸುರಿಯರು ಹನ್ನೊಂದು ಮಂದಿ. ದಿನಕ್ಕೆ ಇಪ್ಪತ್ತು ಮನೆ ಸುತ್ತಿ, ನಡುಬಿಸಿಲಿಗೆ ತಮ್ಮ ಮನೆ ಸೇರುತ್ತಾರೆ. ಗಂಡ ಹಣಮಂತಪ್ಪ ಅಷ್ಟರಲ್ಲಿ ಅನ್ನಕ್ಕೆ ಎಸರಿಟ್ಟಿರುತ್ತಾರೆ. "ಮೊದಲ ಬೈತಿದ್ದೆ. ಈಗ ಸಂತ್ಯಾಗ ಜನ ನನ್ನ 'ಹಲ್ಲಿನ ಬಾಯವ್ವನ ಮನಿಯವರು' ಅಂತಾರ್ರಿ. ಛಲೋ ಅನಸತೈತಿ," ಎಂದು ಅವರು ತಲೆ ತಗ್ಗಿಸಿ ನಗುತ್ತಾರೆ.

ಏನಾದರೂ ಆಸೆ ಉಂಟೇ ಎಂದರೆ ಬಾಯವ್ವ ತಮಗಾಗಿ ಏನನ್ನೂ ಕೇಳುವುದಿಲ್ಲ. "ಆರು, ಏಳು ತಿಂಗಳ ಆದವರು ಬಸ್ಸಿನ್ಯಾಗ ನಿಂತು ಬರೂದು ನೋಡಾಕ ಆಗೂದಿಲ್ರಿ. ತಿಂಗಳಿಗೆ ಒಂದ ದಿನ ಡಾಕ್ಟರು ನಮ್ಮೂರಿಗೆ ಬಂದ್ರ ಸಾಕು. ಕ್ವಾಣಿ ಕಸಾ ಹೊಡದು, ಖುರ್ಚಿ ಒರಸಿ, ಎಲ್ಲಾರನೂ ಉಣಿಸಿ ಕುಂದ್ರಿಸಿರತೇನಿ. ಅವರು ಬರೇ ಕೈ ಬೀಸಕೋತ ಬರಲಿ."