ಝಿಂಗಾ ಮರಿ ಕುರಿಮರಿಯಲ್ಲ

ಸಿದ್ದೇಶ್ವರಿ ಮಾಡಿದಂಥ ತಪ್ಪನ್ನು ಕುರಿ ಸಾಕಿದ ಮನೆಯವರು ಮಾತ್ರ ಮಾಡಬಲ್ಲರು.

ಭಾಲ್ಕಿ ತಾಲೂಕಿನ ಮೆಹಕರದಲ್ಲಿ ಆಕೆಯ ಮನೆಯ ಹಿಂದೆ ಎರಡು ಸಿಮೆಂಟ್ ತೊಟ್ಟಿಗಳಿವೆ. ಉಗುರಿನಷ್ಟು ಉದ್ದದ ಸಿಹಿನೀರಿನ ಸಿಗಡಿ ಮರಿಗಳನ್ನು ತಂದು, ಹೊಂಡಕ್ಕೆ ಬಿಡುವಷ್ಟು ಬಲಿಸಿ ಮಾರುವುದು ಆಕೆ ಹೊಸದಾಗಿ ಹಿಡಿದ ಕಸುಬು. ಊರವರ ಬಾಯಲ್ಲಿ ಸಿಗಡಿ ಎಂದರೆ ಝಿಂಗಾ. ಮೊದಲ ಸಲ ತಂದವು ಬಹುಪಾಲು ಸತ್ತಿದ್ದವು. ಮೈದುನ ಶಿವಕಾಂತ ಎಲ್ಲರೆದುರೇ ಸಾರಿಬಿಟ್ಟಿದ್ದ: ‘ವೈನಿ, ಈ ಸಲಾನೂ ಸತ್ರ ತೊಟ್ಟಿ ನನ್ನ ಕುರಿಗೋಳ ನೀರಿಗಿ. ಮತ್ತ ಮಾತಿಲ್ಲ ನೋಡ್ರಿ.’

ಮರಿಗಳನ್ನು ಒತ್ತೊತ್ತಾಗಿ ಬಿಡಬೇಡಿ ಎಂದು ಬೀದರಿನ ಸಿಗಡಿ ಸಾಕಣೆ ತರಬೇತಿಯಲ್ಲಿ ಹೇಳಿದ್ದರು. ಆಕೆ ಕೇಳಿಸಿಕೊಂಡೂ ಇದ್ದಳು. ಆದರೆ ಮರಿ ಎಂದೊಡನೆ ಆ ಮನೆಯವರ ಕಣ್ಣಿಗೆ ಕಾಣುವುದು ಕುರಿಮರಿ. ಶ್ರಾವಣದ ತಣ್ಣನೆ ಗಾಳಿ ಬೀಸಿದಾಗ ಅತ್ತೆ ಹೀರಾಬಾಯಿ ‘ತಂಡಿ ಅದವ್ವಾ, ಎಲ್ಲಾ ಒಂದೇ ಕಡಿ ಹಾಕು. ಒಂದಕ್ಕೊಂದು ಹತ್ತಿ ಬೆಚ್ಚಗ ಮಲಗ್ತಾವ’ ಎಂದಳು. ಸಿದ್ದೇಶ್ವರಿ ಎರಡನೆಯ ಸಲವೂ ಎಲ್ಲವನ್ನೂ ನೆರಳಿನ ತೊಟ್ಟಿಯೊಂದಕ್ಕೇ ಸುರಿದಳು.

ಮತ್ತೆ ಮರಿಗಳು ಕಡಿಮೆಯಾಗತೊಡಗಿದವು, ನೀರೂ ನಾರತೊಡಗಿತು. ಮೇವಿಗೆ ಬೆರೆಸುವ ಪ್ರೋಬಯಾಟಿಕ್ ಪುಡಿಯ ಅಂಗಡಿಯವನಿಗೆ ಫೋನು ಹಚ್ಚಿದರೆ ‘ಪುಡಿ ಡಬಲ್ ಮಾಡ್ರಿ’ ಎಂದ. ತೊಟ್ಟಿ ಎಷ್ಟು ದೊಡ್ಡದು, ಮರಿ ಎಷ್ಟು ಬಿಟ್ಟಿದ್ದೀರಿ? ಒಂದು ಮಾತೂ ಕೇಳಲಿಲ್ಲ. ಬಡವರ ಹೆದರಿಕೆಯನ್ನು ಪೊಟ್ಟಣ ಕಟ್ಟಿ ಮಾರುವ ಇಂಥವರನ್ನು ಪ್ರಶ್ನಿಸಲು ಯಾರಿಗೂ ಪುರುಸೊತ್ತಿಲ್ಲ. ಕೈಸುಟ್ಟುಕೊಂಡ ಹೆಂಗಸನ್ನು ನೋಡಿ ನಗಲು ಮಾತ್ರ ಊರಿಗೆ ಊರೇ ಪುರುಸೊತ್ತು!

‘ಅದೇನ್ ದವಾ ಏನ?’ ಹೀರಾಬಾಯಿ ಕೇಳಿದಳು.

‘ದವಾ ಅಲ್ಲ ಅತ್ತಿ, ಹೆಪ್ಪಿನಂಗ. ಒಳ್ಳೆ ಜೀವ ಇರ್ತಾವ ಅದರಾಗ, ಝಿಂಗಾದ ಹೊಟ್ಟಿ ಚೊಲೋ ಇಡ್ತಾವ.’

‘ಹಂಗಾರ ಡಬಲ್ ಯಾಕ? ಹೆಪ್ಪ ಹೆಚ್ಚ ಹಾಕಿದ್ರ ಹಾಲು ಹೆಚ್ಚ ಆಗ್ತದೇನ?’

ಸಿದ್ದೇಶ್ವರಿ ಪುಡಿಯ ಡಬ್ಬಿ ಕೆಳಗಿಟ್ಟು ತೊಟ್ಟಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತಳು. ಬಹಳ ಹೊತ್ತು ನೀರಿನಿಂದ ಕಣ್ಣು ಕೀಳಲಿಲ್ಲ. ಒಂದು ಮರಿ ಬಾಗಿತು, ಮೈ ಕೊಡವಿತು, ಹಳೆಯ ಚಿಪ್ಪಿನಿಂದ ಜಾರಿ ಹೊರಬಂತು. ಬೆಣ್ಣೆಯಂಥ ಮೈ. ಅದು ಅಲುಗಾಡುವಷ್ಟರಲ್ಲಿ ಪಕ್ಕದವು ಮುಗಿಬಿದ್ದು ಹರಿದು ತಿಂದವು!

‘ಅತ್ತೀ! ಬೆಚ್ಚಗ ಮಲಗಲ್ಲ ಇವು! ಒಂದನ್ನೊಂದು ತಿನ್ಲಾಕತ್ತಾವ!’

ಕೂಗು ಕೇಳಿ ಶಿವಕಾಂತ ಓಡಿಬಂದ, ಬಗ್ಗಿ ನೋಡಿದ. ‘ಅರೆ, ಇವು ಹೊಲದ ಪಾಲಿಗಿ ಬಡದಾಡೋ ನಮ್ಮ ಭಾವಕಿಯವ್ರಕಿಂತ ಹೊಲಸ ಅವಲ್ರಿ!’ ಎಂದವನೇ ಮೋಟರ್ ಚಾಲೂ ಮಾಡಿದ. ಖಾಲಿ ತೊಟ್ಟಿಗೆ ನೀರು ಧುಮುಕಿತು. ಒಂದೊಂದೇ ಬುಟ್ಟಿಯಂತೆ ಅರ್ಧ ಮರಿಗಳು ಮನೆ ಬದಲಿಸಿದವು. ಹೊಸ ಚಿಪ್ಪು ಗಟ್ಟಿಯಾಗುವ ತನಕ ಅಡಗಿರಲೆಂದು ಹಳೆ ಬಲೆ, ಮುರಿದ ಪೈಪಿನ ತುಂಡು ನೀರಿಗಿಳಿದವು. ಪುಡಿ ಮೊದಲಿನಷ್ಟೇ, ಬೆಲ್ಲದ ನೀರಲ್ಲಿ ಕಲಸಿ ಮೇವಿಗೆ ಸವರಿದ್ದು. ಸಾವು ಇಳಿಯಿತು. ನೀರಿನ ಕೆಟ್ಟ ವಾಸನೆಯೂ ಹೋಯಿತು. ಸಿದ್ದೇಶ್ವರಿಗೆ ಹಿಗ್ಗಿನಲ್ಲಿ ಕುಂತಲ್ಲಿ ಕೂಡಲಾಗದು, ನಿಂತಲ್ಲಿ ನಿಲ್ಲಲಾಗದು!

ಮರಿಗಳು ಬಲಿತ ಮೇಲೆ ಔರಾದಿನಿಂದ ಲಾಲ ಅಹ್ಮದ ಟೆಂಪೋ ತಂದ. ತನ್ನ ಹೊಂಡಕ್ಕೆ ಮರಿ ಹುಡುಕುತ್ತಿದ್ದವನು. ಬಲೆ ಅದ್ದಿ ಎತ್ತಿದ; ಮರಿಗಳು ಎಳ್ಳು ಹುರಿದಂತೆ ಚಟಪಟ ಸಿಡಿದವು.

‘ಬಹುತ್ ಖೂಬ್, ಅಕ್ಕಾರ! ಎಲ್ಲಾ ನನಗೇ ಕೊಡ್ರಿ. ಮುಂದಿನ ಸಲ ಇದರ ಮೂರು ಪಟ್ಟು ಬೇಕು.’

‘ಕೊಡ್ತೇವ್ರಿ ಸಾಬ್!’ ಎಂದ ಶಿವಕಾಂತ.

‘ಇಲ್ರಿ’ ಎಂದಳು ಸಿದ್ದೇಶ್ವರಿ. ‘ಈ ತೊಟ್ಟಿಗೋಳಿಗಿ ಇಷ್ಟೇ. ಹೆಚ್ಚ ತುಂಬಿದ್ರ ನಿಮಗ ಬರೇ ಚಿಪ್ಪ ಸಿಗ್ತಾವ.’

ಲಾಲ ಅಹ್ಮದ ಗಹಗಹಿಸಿ ನಕ್ಕ. ‘ಹಂಗಾರ ಇಷ್ಟೇ ಕೊಡ್ರಿ. ಆದ್ರ ಬ್ಯಾರೆಯವ್ರಿಗಿ ಕೊಡಬ್ಯಾಡ್ರಿ.’

ಟೆಂಪೋ ಹೊರಟಿತು. ಶಿವಕಾಂತ ತಲೆ ಕೆರೆದುಕೊಂಡ.

‘ವೈನಿ, ಮುಂದಿನ ಮರಿ ತರ್ಲಾಕ ನಾನೂ ಬರ್ತೇನಿ.’

‘ಬಾ. ಆದ್ರ ತೊಟ್ಟಿಗಿ ಎಷ್ಟು ಬಿಡಬೇಕನ್ನೋ ಮಾತು ನಂದು.’

‘ಆಯ್ತ್ರಿ’ ಎಂದ.

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತೊಟ್ಟಿ ತೊಳೆಯಲು ಇಳಿದಳು.