ಅಂಗೈಗೆ ತಿಳಿದದ್ದು

ಆ ದಿನ ಮೋಡ ಕವಿದಿತ್ತು ಎಂದು ಇದುವರೆಗೆ ಎಲ್ಲರಿಗೂ ಹೇಳಿದ್ದೇನೆ. ಮೋಡ ಇರಲಿಲ್ಲ. ಅದನ್ನು ಆಮೇಲೆ ನಾನೇ ತಂದು ಹಾಕಿದ್ದು.

ಬಾಶೆಟ್ಟಿಹಳ್ಳಿಯ ಬಟ್ಟೆ ಕಾರ್ಖಾನೆಯೊಂದು ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಫುಟ್‌ಬಾಲ್‌ಗಾಗಿ. ಹಾಜರಿಯಲ್ಲಿ ಪ್ಯಾಕಿಂಗ್ ಸಹಾಯಕ, ಮೈದಾನದಲ್ಲಿ ಮಿಡ್‌ಫೀಲ್ಡರ್. ಬ್ರೆಜಿಲ್‌ನಲ್ಲಿ ಸಂಬಳಕ್ಕೆ ಆಡಿದ ಮೊದಮೊದಲಿನವರಲ್ಲಿ ಬಟ್ಟೆ ಮಿಲ್ಲಿನವರೂ ಇದ್ದರಂತೆ ಎಂದು ಎಲ್ಲೋ ಓದಿ, ಕ್ಯಾಂಟೀನಿನಲ್ಲಿ ಬಾಯಿಬಿಟ್ಟೆ. ಅಂದಿನಿಂದ ನನ್ನ ಹೆಸರು ಹೋಯಿತು; ಅಭ್ಯಾಸಕ್ಕೆಂದು ಬೇಗ ಹೊರಟರೆ ಜೊತೆಯವರು ಕೂಗುತ್ತಿದ್ದರು:

"ಏನ್ ಗುರು ಬ್ರೆಜಿಲ್ಲು, ಮೂರ್ ಗಂಟೆಗೇ ಶಿಫ್ಟ್ ಮುಗೀತಾ?"

ಕೆಲಸ ಕಾಯಂ ಆಗಿರಲಿಲ್ಲ. ಕಾರ್ಖಾನೆಗಳ ಟೂರ್ನಿಯ ಫೈನಲ್ ಪೂರ್ತಿ ಆಡಿದರೆ ಆಗುತ್ತದೆ ಎಂದು ಮ್ಯಾನೇಜರ್ ಹೇಳಿದ್ದರು. ಅಷ್ಟರಲ್ಲಿ ತಿರುಗುವಾಗೆಲ್ಲ ಬಲ ಮೊಣಕಾಲೊಳಗೆ ಏನೋ ಜಾರತೊಡಗಿತ್ತು. ಯಾರಿಗೂ ಹೇಳಲಿಲ್ಲ.

ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂಭಾಗದಲ್ಲಿ ಅಪ್ಪನ ಎರಡು ವಿದ್ಯುತ್ ಮಗ್ಗ. ಆ ಸದ್ದಿಗೇ ಅಪ್ಪನ ಕಿವಿ ಮಂದವಾಗಿತ್ತು. ಮಗ್ಗ ಕೆಡುತ್ತಿದ್ದರೆ ಅದರ ಚೌಕಟ್ಟಿನ ಮೇಲೆ ಅಂಗೈಯಿಟ್ಟು ತಿಳಿಯುತ್ತಿದ್ದರು. ಪಂದ್ಯದ ಬೆಳಿಗ್ಗೆ ನಾನು ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಬಂದು, ಹಾಗೆಯೇ ಅಂಗೈಯಿಟ್ಟು, ಮಡಚು ಎಂದು ಸನ್ನೆ ಮಾಡಿದರು. ಮಡಚಿದೆ.

"ನಿಲ್ಸು ಕಣೋ. ಒಳಗೆ ಹರಿದಿದೆ."

"ಇವತ್ತೊಂದಿನ, ಅಪ್ಪಾ."

"ನನ್ ಕೈಗೆ ಗೊತ್ತಾಗ್ತದೆ ಕಣ್ಲಾ!"

"ಹರಿದ್ರೆ ಗಂಟು ಹಾಕ್ಕೋತೀನಿ ಬಿಡು!" ಎಂದು ಅವರಿಗೆ ಕೇಳುವಂತೆ ಕಿರುಚಿದೆ.

ನೇಕಾರನ ಮಗನಿಗೆ ಹೊಳೆಯುವುದು ಅಷ್ಟೇ. ಸೀರೆಯ ಅಂಚೊಂದನ್ನು ಹರಿದು ಮೊಣಕಾಲಿಗೆ ಸುತ್ತಿ, ಮಗ್ಗದಲ್ಲಿ ಕಲಿತ ಗಂಟನ್ನೇ ಹಾಕಿದೆ. ಎಳೆದಷ್ಟೂ ಬಿಗಿಯುವ ಗಂಟು. ನೋವು ಮಾಯವಾಯಿತು. ಸರಿಹೋಯಿತು ಎಂದುಕೊಂಡೆ.

ಪಂದ್ಯಕ್ಕೆ ಹೊರಟು ಬೀದಿ ತಿರುಗುವಾಗ ನಮ್ಮ ಮಗ್ಗಗಳ ಸದ್ದು ನಿಂತಿತು. ಕರೆಂಟು ಹೋಗಿರಬೇಕು ಎಂದುಕೊಂಡೆ. ಆದರೆ ಪಕ್ಕದ ಮನೆಯ ಮಗ್ಗಗಳು ಓಡುತ್ತಲೇ ಇದ್ದವು.

ದ್ವಿತೀಯಾರ್ಧಕ್ಕೆ ಪಾದ ನನ್ನದೆನ್ನಿಸಲಿಲ್ಲ; ನೆಲ ಎಲ್ಲಿದೆಯೆಂದು ಕಣ್ಣಲ್ಲಿ ನೋಡಿ ಊರಬೇಕಾಗಿತ್ತು. ಚೆಂಡು ಬಂತು. ತಿರುಗಿದೆ. ಮೈ ತಿರುಗಿತು, ಪಾದ ತಿರುಗಲಿಲ್ಲ. 'ಟಪ್' ಎಂಬ ಸದ್ದು ಕೇಳಿಸಿತು ಎಂದು ಸಾಮಾನ್ಯವಾಗಿ ಹೇಳುತ್ತೇನೆ. ಅದೂ ಸುಳ್ಳು.

ಗೆರೆಯಾಚೆ ಮಲಗಿಸಿದರು. ಮ್ಯಾನೇಜರ್ ಗಡಿಯಾರ ನೋಡಿಕೊಂಡರು. ಹನ್ನೊಂದು ನಿಮಿಷ ಉಳಿದಿತ್ತು.

ಕಾಲು ಊದುತ್ತಿತ್ತು, ಗಂಟು ಬಿಚ್ಚಲು ಯಾರ ಕೈಲೂ ಆಗಲಿಲ್ಲ. ಆಗ ಜನರ ನಡುವಿನಿಂದ ಅಪ್ಪ ಬಂದರು. ಜೇಬಿನಿಂದ ಎಳೆ ಕತ್ತರಿಸುವ ಪುಟ್ಟ ಕತ್ತರಿ ತೆಗೆದು ಪಟ್ಟಿಯನ್ನು ಕತ್ತರಿಸಿದರು. ಅಂಗೈಯಿಟ್ಟರು. ತಕ್ಷಣ ತೆಗೆದರು.

ಮರುವಾರ ಪ್ಯಾಕಿಂಗ್‌ನಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದರು.

ಆ ಕತ್ತರಿ ಅಪ್ಪನ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತೋ, ಅವತ್ತು ಬೇಕಾಗುತ್ತದೆಂದೇ ತಂದಿದ್ದರೋ, ನಾನು ಕೇಳಿಲ್ಲ.