ಗಂಗವ್ವನನ್ನು ಮುಂಬಯಿಗೆ ಕರೆದೊಯ್ದದ್ದು

ಸ್ವಾತಂತ್ರ್ಯ ಬಂದ ಮರುವರ್ಷದ ಚಳಿಗಾಲದಲ್ಲಿ ತಂಗಿ ಗಂಗವ್ವನನ್ನು ಕರೆದುಕೊಂಡು ದುಂಡಸಿಯಿಂದ ಮುಂಬಯಿಗೆ ಹೊರಟೆ. ಶಿಗ್ಗಾಂವಿಯವರೆಗೆ ಚಕ್ಕಡಿ, ಅಲ್ಲಿಂದ ಹುಬ್ಬಳ್ಳಿಗೆ ಬಸ್ಸು. ಇಪ್ಪತ್ತೆರಡು ವರ್ಷದ ಹುಡುಗಿ ಒಂದು ಕೊಡ ನೀರು ತಂದರೆ ತುಟಿ, ಉಗುರು ನೀಲಿಗಟ್ಟಿ ಕುಸಿಯುತ್ತಿದ್ದಳು. ಆಗಾಗ ಮೂಗಿನಿಂದ ರಕ್ತ ಸೋರುತ್ತಿತ್ತು. ಕ್ಷಯವೆಂದು ಹೆದರಿ ಗಂಡನ ಮನೆಯವರು ತವರಿಗೆ ಕಳಿಸಿದ್ದರು. ಹುಬ್ಬಳ್ಳಿಯ ವೈದ್ಯರೊಬ್ಬರು ಮಾತ್ರ ಬೆನ್ನಿಗೆ ನಳಿಗೆಯಿಟ್ಟು ಬಹಳ ಹೊತ್ತು ಆಲಿಸಿ, "ಇದು ಕ್ಷಯ ಅಲ್ರಿ. ತಡ ಮಾಡಬ್ಯಾಡ್ರಿ, ಮುಂಬಯಿಗೆ ಹೋಗ್ರಿ," ಎಂದು ಚೀಟಿ ಬರೆದುಕೊಟ್ಟಿದ್ದರು.

ರೈಲು ತುಂಬಿ ತುಳುಕುತ್ತಿತ್ತು. ಕುಳಿತಷ್ಟೂ ಗಂಗವ್ವನಿಗೆ ಉಸಿರು ಕಟ್ಟುತ್ತಿತ್ತು, ಮಲಗಿದರೆ ಹಗುರ. ಮುಂಬಯಿಗೆ ವೀಳ್ಯದೆಲೆ ಒಯ್ಯುತ್ತಿದ್ದ ಸವಣೂರಿನ ವ್ಯಾಪಾರಿ ಹುಸೇನಸಾಬರು ಅದನ್ನು ಕಂಡು ಎದ್ದು ನಿಂತರು.

"ಮಲಕ್ಕೊಳವ್ವ. ನನ್ನ ಕಾಲು ಇನ್ನೂ ಗಟ್ಟಿ ಅದಾವ."

ಮಿರಜ ದಾಟಿದರೂ ಅವರು ಕೂರಲಿಲ್ಲ. ನಮ್ಮ ರೊಟ್ಟಿ, ಅವರ ಖಾರ, ಅದೇ ಎಲ್ಲರ ಊಟ. ಪುಣೆಯಲ್ಲಿ ಗಾಡಿ ಬದಲಿಸುವಾಗ ನಮ್ಮ ಗಂಟನ್ನೂ ಅವರೇ ಹೊತ್ತರು.

ಆಸ್ಪತ್ರೆಯ ಸರ್ಜನ್ ಮರಾಠಿಯವರು. ಮಲಗಿದರೆ ಹಗುರವೆಂಬ ಮಾತು ಕೇಳಿದೊಡನೆ ತಲೆಯೆತ್ತಿದರು. ಎಕ್ಸ್‌ರೇ ನೋಡಿ ಕಾಗದದ ಮೇಲೆ ಗೀಟೆಳೆದರು. ಬಲ ಶ್ವಾಸಕೋಶದ ಕೆಳಭಾಗದಲ್ಲಿ ಎರಡು ರಕ್ತನಾಳಗಳು ಹುಟ್ಟಿನಿಂದಲೇ ನೇರವಾಗಿ ಕೂಡಿಕೊಂಡಿವೆ. ರಕ್ತ ಗಾಳಿ ಪಡೆಯದೆ ಹಾಗೆಯೇ ಮರಳುತ್ತಿದೆ; ಕುಳಿತಾಗ ಅಲ್ಲಿಗೆ ಇನ್ನೂ ಹೆಚ್ಚು ಇಳಿಯುತ್ತದೆ. ಆ ಭಾಗವನ್ನೇ ತೆಗೆಯಬೇಕು. "ಇಂಥದ್ದನ್ನು ನಾನು ಓದಿದ್ದೇನೆ, ಮಾಡಿಲ್ಲ," ಎಂದೂ ಹೇಳಿದರು. ಅವರ ಮಾತನ್ನು ತಂಗಿಗೆ ಕನ್ನಡದಲ್ಲಿ ತಿಳಿಸಿದೆ.

"ಸುಳ್ಳು ಹೇಳಲಿಲ್ಲಲ್ಲ ಅಣ್ಣ. ಅವರ ಕೈಯಾಗ ನನ್ನ ಜೀವ ಕೊಡ್ತೇನಿ, ಕೊಯ್ಲಿ," ಎಂದಳು.

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಅವಳನ್ನು ಒಳಗೆ ಒಯ್ದವರು ಮಧ್ಯಾಹ್ನದವರೆಗೂ ಬಾಗಿಲು ತೆರೆಯಲಿಲ್ಲ. ಹೊರಬಂದ ಸರ್ಜನ್ ನನ್ನನ್ನು ಅವಳ ಬಳಿ ಕರೆದೊಯ್ದು, ಅವಳ ಕೈ ಎತ್ತಿ ಉಗುರು ತೋರಿಸಿದರು. ಕೆಂಪಗಿದ್ದವು. ಕಾಲಿಗೆರಗಲು ಬಾಗಿದೆ, ಅವರು ಹಿಂದೆ ಸರಿದು ನನ್ನ ಭುಜ ಹಿಡಿದರು.

ಎರಡು ತಿಂಗಳ ಮೇಲೆ ಮರಳಿದೆವು. ಊರು ಒಂದು ಮೈಲಿ ಇರುವಾಗ ಚಕ್ಕಡಿಯ ಅಚ್ಚು ಮುರಿಯಿತು. ಬೇರೆ ಗಾಡಿ ತರುತ್ತೇನೆ, ನೆರಳಲ್ಲಿ ಕೂತಿರು ಎಂದರೂ ಕೇಳದೆ ಗಂಗವ್ವ ಇಳಿದು ನಡೆದಳು. ಏರು ಹತ್ತುವಾಗ ಉಸಿರು ಸಾಲದೆ ನಾನೇ ಕಲ್ಲಿನ ಮೇಲೆ ಕುಳಿತೆ. ಅವಳು ಮೇಲೆ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು ಕೂಗಿದಳು:

"ಏಳ ಅಣ್ಣ, ಊರು ಕಾಣಾಕತ್ತೈತಿ!"